ಮೊದಲು ಹೊಟ್ಟೆ ಮುಟ್ಟಿ ನೋಡಿ, ಸರ್

ನನ್ನ ಮಗ ಕ್ಲೋಜಪಿನ್ ಮಾತ್ರೆ ತೆಗೆದುಕೊಳ್ಳುತ್ತಾನೆ. ಸ್ಕಿಜೋಫ್ರೀನಿಯಾ, ಅಂದರೆ ಯಾರೂ ಇಲ್ಲದಿದ್ದರೂ ದನಿ ಕೇಳಿಸುವಂಥ ಮಾನಸಿಕ ಕಾಯಿಲೆ, ಇರುವವರ ಮನೆಯಲ್ಲಿ ಈ ಹೆಸರು ಗೊತ್ತಿರುತ್ತದೆ. ಬೇರೆ ಮಾತ್ರೆಗಳಿಗೆ ಕಾಯಿಲೆ ಜಗ್ಗದಿದ್ದಾಗ ಕೊಡುವ ಮಾತ್ರೆ ಇದು. ಇವನಿಗೂ ಒಂದಾದ ಮೇಲೆ ಒಂದು ಔಷಧ ಬದಲಾಯಿಸಿ ನೋಡಿದ್ದರು. ಕಿವಿಯಲ್ಲಿ ಮಾತಾಡುವವರು ಬಾಯಿ ಮುಚ್ಚಲೇ ಇಲ್ಲ. ಕ್ಲೋಜಪಿನ್ ಶುರುವಾದ ಮೇಲೆ ಅವರ ದನಿ ಸಣ್ಣದಾಯಿತು. ಇವನಿಗೆ ರಾತ್ರಿ ನಿದ್ದೆ ಬಂತು. ನನ್ನ ತಮ್ಮನ ಮಂಡಕ್ಕಿ ಅಂಗಡಿಗೆ ಹೋಗಿ ಚೀಲದ ಬಾಯಿ ಹೊಲಿಯುವ ಕೆಲಸ ಹಿಡಿದ. ಮೂವತ್ತು ದಾಟಿದ ಮಗ ಸಂಜೆ ಮನೆಗೆ ಬಂದು "ಅಮ್ಮಾ, ಟೀ ಮಾಡು" ಅನ್ನುವುದು ಬೇರೆಯವರಿಗೆ ದೊಡ್ಡದಲ್ಲದಿರಬಹುದು. ನನಗೆ ಅದು ದೊಡ್ಡದು.

ಈ ಮಾತ್ರೆ ಕೆಲವರಲ್ಲಿ ಬಿಳಿ ರಕ್ತಕಣ ಇಳಿಸಿಬಿಡುತ್ತದೆ. ಅದಕ್ಕೇ ಮೊದಲ 18 ವಾರ ವಾರಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು, ಆಮೇಲೂ ಬಿಡುವ ಹಾಗಿಲ್ಲ. ಇದನ್ನು ಎಲ್ಲರೂ ಹೇಳುತ್ತಾರೆ. ನಮ್ಮ ಮನೋವೈದ್ಯರು ಇನ್ನೊಂದು ಮಾತನ್ನೂ ಒತ್ತಿ ಹೇಳಿದ್ದರು. "ಅಮ್ಮಾ, ಈ ಮಾತ್ರೆ ಕರುಳನ್ನು ನಿಧಾನ ಮಾಡುತ್ತೆ. ಮಲಬದ್ಧತೆ ಅಂತ ಸುಮ್ನೆ ಇರಬೇಡಿ. ಹೊಟ್ಟೆ ಉಬ್ಬಿ, ವಾಂತಿ ಆಗಿ, ಗಾಳಿಯೂ ಹೋಗದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಜೀವಕ್ಕೆ ಕುತ್ತು ಬರುತ್ತೆ." ಅಮೆರಿಕದ ಔಷಧ ಇಲಾಖೆಯವರು 2020ರಲ್ಲಿ ಈ ಬಗ್ಗೆ ಎಚ್ಚರಿಕೆಯನ್ನು ಇನ್ನಷ್ಟು ಬಿಗಿ ಮಾಡಿದರು ಅಂತ ನಾನು ಓದಿದ್ದು ಆಮೇಲೆ. ಆವತ್ತು ನನ್ನ ಹತ್ತಿರ ಇದ್ದದ್ದು ನಮ್ಮ ಡಾಕ್ಟರ ಆ ಮಾತು ಅಷ್ಟೇ.

ಏಪ್ರಿಲ್ ತಿಂಗಳು. ದಾವಣಗೆರೆಯ ಬಿಸಿಲು ಗೊತ್ತಲ್ಲ, ಸಂಜೆ ಆರಕ್ಕೂ ಗೋಡೆ ಮುಟ್ಟಿದರೆ ಬಿಸಿ. ತಮ್ಮ ಅಂಗಡಿ ಮುಚ್ಚಿ ಬರುವಾಗ ಮಿರ್ಚಿ ತಂದಿದ್ದ. ಇವನು ಮುಟ್ಟಲಿಲ್ಲ. ಒಳಗೆ ನೆಲದ ಮೇಲೆ ಮಂಡಿ ಮಡಚಿ ಮಲಗಿದ್ದ. ಯಾಕಪ್ಪಾ ಅಂದರೆ, "ಅವರು ಹೊಟ್ಟೆ ಒಳಗೆ ಗಂಟು ಹಾಕ್ತಾ ಇದಾರೆ, ಬಿಚ್ಚೋಕೆ ಬರ್ತಿಲ್ಲ" ಅಂದ. ಅಳಲಿಲ್ಲ, ಕೂಗಲಿಲ್ಲ. ಹಗ್ಗದ ಬಗ್ಗೆ ಹೇಳುವವನ ಹಾಗೆ ಹೇಳಿದ. ಬಚ್ಚಲಲ್ಲಿ ಹಸಿರು ಬಣ್ಣದ ವಾಂತಿ ಇತ್ತು. ಅಂಗಿ ಎತ್ತಿದೆ. ಹೊಟ್ಟೆ ಗಾಳಿ ತುಂಬಿದ ಟ್ಯೂಬಿನ ಹಾಗೆ ಬಿಗಿದಿತ್ತು.

ತಮ್ಮ ಬಾಗಿಲಲ್ಲಿ ನಿಂತು, "ಅಕ್ಕಾ, ಮತ್ತೆ ಹಳೇದು ಶುರುವಾಯ್ತಾ?" ಅಂದ. ಇಲ್ಲಪ್ಪಾ, ಇದು ಹೊಟ್ಟೆ ಅಂದೆ. "ಅವರು" ಅನ್ನುವುದು ಕಾಯಿಲೆಯ ಮಾತು, ಹೊಟ್ಟೆ ಅವನದು.

ಆಸ್ಪತ್ರೆ ಅಂದರೆ ಇವನಿಗೆ ಭಯ. ಕಾಯಿಲೆ ಶುರುವಾದ ಹೊಸತರಲ್ಲಿ ನಾಲ್ಕು ಜನ ಹಿಡಿದು ಕಾರಿಗೆ ಹಾಕಿದ್ದು ಇನ್ನೂ ಮರೆತಿಲ್ಲ. ಗಂಟು ಇಲ್ಲ ಅಂತ ನಾನು ವಾದ ಮಾಡಲಿಲ್ಲ, ಇದೆ ಅಂತಲೂ ಹೇಳಲಿಲ್ಲ. "ಒಳಗೆ ಏನಿದೆ ಅಂತ ಫೋಟೋ ತೆಗೆಸೋಣ. ನೀನೇ ನೋಡುವಂತೆ" ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿದ. ಯಾರೂ ನನ್ನ ಕೈ ಹಿಡಿಯಬಾರದು, ಮಾಮ ಡ್ರೈವರ್ ಪಕ್ಕ ಕೂರಬೇಕು ಅಂದ. ಆಯ್ತು ಅಂದೆವು. ಪಕ್ಕದ ಮನೆಯವರ ಆಟೋ ಸಿಕ್ಕಿತು.

ಎರಡು ಮೆಡಿಕಲ್ ಕಾಲೇಜು ಇರುವ ಊರು ನಮ್ಮದು. ಹರಪನಹಳ್ಳಿ, ರಾಣೆಬೆನ್ನೂರು, ಹೊಳಲ್ಕೆರೆ ಕಡೆಯವರೆಲ್ಲ ಇಲ್ಲಿಗೇ ಬರುತ್ತಾರೆ. ಆದರೂ ಮೊದಲು ಹೋದ ಆಸ್ಪತ್ರೆಯಲ್ಲಿ ಆದದ್ದು ಹೇಳುತ್ತೇನೆ. ಡ್ಯೂಟಿ ಡಾಕ್ಟರ್ ಫೈಲ್ ತೆರೆದರು. ಸ್ಕಿಜೋಫ್ರೀನಿಯಾ ಅಂತ ಓದಿದ ಮೇಲೆ ಮಗನ ಮುಖ ನೋಡುವುದನ್ನೇ ಬಿಟ್ಟರು. "ಮಾತ್ರೆ ಬಿಟ್ಟಿದಾನಾ? ಗಲಾಟೆ ಮಾಡ್ತಾನಾ?" ಎಲ್ಲ ನನ್ನನ್ನೇ ಕೇಳಿದರು. ಗ್ಯಾಸ್ ಮಾತ್ರೆ ಬರೆದು, ನಿದ್ದೆ ಇಂಜೆಕ್ಷನ್ ಕೊಡುತ್ತೇವೆ, ಬೆಳಗ್ಗೆ ಮನೋವೈದ್ಯರಿಗೆ ತೋರಿಸಿ ಅಂದರು.

"ಸರ್, ಮೊದಲು ಹೊಟ್ಟೆ ಮುಟ್ಟಿ ನೋಡಿ" ಅಂದೆ. ಕ್ಲೋಜಪಿನ್ ತಗೋತಾನೆ, ವಾಂತಿ ಹಸಿರಿದೆ, ಗಾಳಿಯೂ ಹೋಗಿಲ್ಲ, ನಿದ್ದೆ ಮಾಡಿಸಿದರೆ ನೋವು ಹೇಳೋರು ಯಾರು ಅಂತ ಕೇಳಿದೆ. ಅವರಿಗೆ ಬೇಸರ ಬಂತು. ನಾನು ಇಂಜೆಕ್ಷನ್ ಬೇಡ ಅಂತ ಬರೆದುಕೊಟ್ಟು ಮಗನನ್ನು ಕರೆದುಕೊಂಡು ಹೊರಗೆ ಬಂದೆ. ಮಾನಸಿಕ ಕಾಯಿಲೆ ಇರುವವರನ್ನು ಚಿಕಿತ್ಸೆಯ ವಿಷಯದಲ್ಲಿ ಮೈ ಕಾಯಿಲೆ ಇರುವವರಿಗೆ ಸಮನಾಗಿ ನೋಡಬೇಕು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಆದರೆ ರಾತ್ರಿ ಹೊತ್ತು ಬಾಗಿ ನಿಂತ ಮಗನನ್ನು ಪಕ್ಕದಲ್ಲಿಟ್ಟುಕೊಂಡು ಯಾವ ತಾಯಿ ಕಾಯ್ದೆ ಓದಿ ಹೇಳುತ್ತಾಳೆ?

ಎರಡನೇ ಆಸ್ಪತ್ರೆಯಲ್ಲಿ ಸರ್ಜರಿ ಓದುತ್ತಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದರು. ಅವರು ಮಗನ ಎದುರಿಗೆ ಸ್ಟೂಲ್ ಎಳೆದು ಕೂತರು. "ಎಲ್ಲಿ ನೋವು, ನೀವೇ ತೋರಿಸಿ" ಅಂದರು. ಗಂಟಿನ ಕಥೆಯನ್ನು ಪೂರ್ತಿ ಕೇಳಿದರು. ಆಮೇಲೆ ಹೊಟ್ಟೆ ಒತ್ತಿದರು, ಸ್ಟೆತಾಸ್ಕೋಪ್ ಇಟ್ಟು ತುಂಬಾ ಹೊತ್ತು ಆಲಿಸಿದರು. ನಿಲ್ಲಿಸಿ ಎಕ್ಸ್‌ರೇ ತೆಗೆಸಿದರು. ಅದನ್ನು ಕಂಪ್ಯೂಟರಿನಲ್ಲಿ ಅವನಿಗೇ ತೋರಿಸಿದರು. ಉಬ್ಬಿದ ಕರುಳು, ಅದರಲ್ಲಿ ಅಲ್ಲಲ್ಲಿ ನೀರು ನಿಂತ ಗೆರೆ. "ಗಂಟು ಕಾಣ್ತಾ ಇಲ್ಲ. ಆದ್ರೆ ಕರುಳು ಓಡಾಟ ನಿಲ್ಲಿಸಿದೆ. ನಿಮಗೆ ತುಂಬಾ ನೋವಿರುತ್ತೆ" ಅಂದರು. ಮಗ ಆಗ ಮೊದಲ ಸಲ ಕಣ್ಣೀರು ಹಾಕಿದ. ಸಿಟಿ ಸ್ಕ್ಯಾನಿನಲ್ಲಿ ಕರುಳು ತಿರುಚಿಕೊಂಡಿಲ್ಲ, ತೂತಾಗಿಲ್ಲ ಅಂತ ಗೊತ್ತಾಯಿತು. ಸದ್ಯಕ್ಕೆ ಆಪರೇಷನ್ ಬೇಡ, ಕರುಳಿಗೆ ವಿಶ್ರಾಂತಿ ಕೊಟ್ಟು ನೋಡೋಣ ಅಂದರು.

ಅದಕ್ಕೆ ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಹಾಕಬೇಕು. ಇಲ್ಲಿ ಎಲ್ಲ ಕೆಡುತ್ತೇನೋ ಅಂತ ನನ್ನ ಎದೆ ಹೊಡೆದುಕೊಂಡಿತು. ಮೈಯೊಳಗೆ ಏನೋ ತೂರಿಸುತ್ತಾರೆ ಅನ್ನುವುದೇ ಅವನ ಹಳೇ ಭಯ. ಸಿಸ್ಟರ್ ಕೈ ಕಟ್ಟೋಣವಾ ಅಂತ ಕೇಳಿದರು. ಡಾಕ್ಟರಮ್ಮ ಬೇಡ ಅಂದು ಇನ್ನೊಂದು ಹೊಸ ಟ್ಯೂಬಿನ ಕವರ್ ಹರಿದು ಅವನ ಕೈಗೆ ಕೊಟ್ಟರು. ಅವನು ಅದನ್ನು ಬಗ್ಗಿಸಿ ನೋಡಿದ, ತುದಿಯ ತೂತುಗಳಿಗೆ ಉಗುರು ಹಾಕಿ ನೋಡಿದ. ಎಷ್ಟು ಉದ್ದ ಒಳಗೆ ಹೋಗುತ್ತೆ ಅಂತ ಕೇಳಿದ. ಮೂಗಿನ ತುದಿಯಿಂದ ಕಿವಿ ಹಾಲೆ, ಅಲ್ಲಿಂದ ಎದೆಮೂಳೆಯ ಕೆಳಗಿನವರೆಗೆ ಅಳತೆ ಅಂದರು. "ಮೊದಲು ಅಮ್ಮನಿಗೆ ಅಳತೆ ಹಾಕಿ" ಅಂದ. ಹಾಕಿದರು. ನನ್ನ ಅಳತೆ ಅವನದಕ್ಕಿಂತ ಕಡಿಮೆ ಬಂತು. ಅದನ್ನು ನೋಡಿದ ಮೇಲೆ ಕತ್ತು ಬಗ್ಗಿಸಿ, ಅವರು ನುಂಗಿ ಅಂದಾಗಲೆಲ್ಲ ನುಂಗಿದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಕೈ ಮಾತ್ರ ಎತ್ತಲಿಲ್ಲ. ನನ್ನ ಮಗನ ಧೈರ್ಯದ ಬಗ್ಗೆ ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ.

ಡ್ರಿಪ್, ಎನಿಮಾ, ಪೊಟ್ಯಾಸಿಯಂ ಪರೀಕ್ಷೆ. ಆ ದಿನಗಳು ಹಾಗೇ ಕಳೆದವು. ಬಾಯಿಗೆ ನೀರೂ ಇಲ್ಲದಿದ್ದರಿಂದ ಕ್ಲೋಜಪಿನ್ ನಿಂತಿತ್ತು. ರಾತ್ರಿ ದನಿಗಳು ಜೋರಾದವು. ನಾನೂ ತಮ್ಮನೂ ಸರದಿ ಮೇಲೆ ಎಚ್ಚರ ಇದ್ದೆವು. ಕೊನೆಗೆ ಕರುಳು ಓಡತೊಡಗಿತು. ವಾರ್ಡಿನಲ್ಲಿ ಗಾಳಿ ಹೋಯ್ತು ಅಂತ ಕೈ ಮುಗಿದು ಸಂತೋಷಪಟ್ಟೆ ಅಂದರೆ ನಂಬಿ.

ಟ್ಯೂಬ್ ತೆಗೆದ ಸಂಜೆ ಸಿಸ್ಟರ್ ಹಳೇ ಚೀಟಿ ನೋಡಿ ಕ್ಲೋಜಪಿನ್ನನ್ನು ಮೊದಲಿನ ಅಳತೆಯಲ್ಲೇ ಕೊಡಲು ಬಂದರು. ನಾನು ತಡೆದೆ. 48 ಗಂಟೆಗಿಂತ ಜಾಸ್ತಿ ನಿಂತಿದ್ದರೆ ಈ ಮಾತ್ರೆಯನ್ನು ಎಲ್ಲಿ ನಿಂತಿತ್ತೋ ಅಲ್ಲಿಂದ ಶುರು ಮಾಡುವಂತಿಲ್ಲ. ಬಿಪಿ ದಿಢೀರ್ ಬೀಳಬಹುದು, ಹೃದಯಕ್ಕೂ ಅಪಾಯ. ಸಿಸ್ಟರಿಗೆ ನನ್ನ ಮೇಲೆ ಸಿಟ್ಟು ಬರಲಿಲ್ಲ, ಅದೇ ಪುಣ್ಯ. ಡಾಕ್ಟರಮ್ಮ ನಮ್ಮ ಮನೋವೈದ್ಯರಿಗೆ ಫೋನ್ ಹಚ್ಚಿದರು. 12.5 ಮಿಲಿಗ್ರಾಂನಿಂದ ಮತ್ತೆ ಶುರು, ಮೆಲ್ಲಗೆ ಏರಿಸುವುದು, ಜೊತೆಗೆ ದಿನಾ ಮಲ ಸಲೀಸಾಗಲು ಸಿರಪ್ ಅಂತ ತೀರ್ಮಾನವಾಯಿತು. ಮನೋವೈದ್ಯರು ಮಗ ಸೇದುವ ಬೀಡಿ ಬಗ್ಗೆಯೂ ಕೇಳಿದರು. ಬೀಡಿ ಹೊಗೆ ಈ ಔಷಧವನ್ನು ಮೈಯಿಂದ ಬೇಗ ಕರಗಿಸುತ್ತದೆ. ಹಠಾತ್ತಾಗಿ ಬಿಟ್ಟರೆ ಅದೇ ಮಾತ್ರೆ ರಕ್ತದಲ್ಲಿ ಜಾಸ್ತಿಯಾಗುತ್ತದೆ. ವಾರ್ಡಿನಲ್ಲಿ ಬೀಡಿ ಇಲ್ಲ, ಮನೆಗೆ ಬಂದರೆ ಇದೆ. ಎರಡನ್ನೂ ಲೆಕ್ಕ ಹಾಕಬೇಕು.

ಈಗ ಫೈಲಿನ ಮೊದಲ ಹಾಳೆಯಲ್ಲಿ ಎಲ್ಲ ಬರೆದಿಟ್ಟಿದ್ದೇನೆ. ಮಾತ್ರೆ ಹೆಸರು, ಅಳತೆ, ಕೊನೆಯ ಸಲ ತೆಗೆದುಕೊಂಡ ಹೊತ್ತು ಬರೆಯಲು ಜಾಗ, ಮನೋವೈದ್ಯರ ನಂಬರ್, ಬೀಡಿ ಎಷ್ಟು ಅನ್ನುವುದು. ಕೆಳಗೆ ಕೆಂಪು ಇಂಕಿನಲ್ಲಿ ಒಂದು ಸಾಲು: "ದಯವಿಟ್ಟು ಅವನನ್ನೇ ಕೇಳಿ, ಉತ್ತರ ಬರುತ್ತೆ. ಸ್ವಲ್ಪ ಹೊತ್ತು ಬೇಕು." ಕ್ಲೋಜಪಿನ್ ತೆಗೆದುಕೊಳ್ಳುವವರ ಮನೆಯವರು ಇಂಥದ್ದೊಂದು ಹಾಳೆ ಇವತ್ತೇ ಬರೆದಿಡಿ ಅಂತ ಕೇಳಿಕೊಳ್ಳುತ್ತೇನೆ. ರಾತ್ರಿ ಗಾಬರಿಯಲ್ಲಿ ಮಿಲಿಗ್ರಾಂ ನೆನಪಾಗುವುದಿಲ್ಲ. ಮನೆಯಲ್ಲಿ ದಾರಿ ತೋಚದೆ ಕೂತವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಹೊಟ್ಟೆ ಉಬ್ಬಿ ವಾಂತಿ ಆಗುತ್ತಿದ್ದರೆ ಮಾತ್ರ ಫೋನ್ ಹಿಡಿದು ಕೂರಬೇಡಿ, ಸೀದಾ ಆಸ್ಪತ್ರೆ.

ಮಗ ಮತ್ತೆ ಅಂಗಡಿಗೆ ಹೋಗುತ್ತಿದ್ದಾನೆ, ಮಧ್ಯಾಹ್ನದ ಮೇಲೆ. ಬೆಳಗ್ಗೆ ಮಾತ್ರೆಯ ಮಂಪರು ಇಳಿಯುವುದಿಲ್ಲ. ಕ್ಯಾಲೆಂಡರಿನಲ್ಲಿ ಮಲ ಆದ ದಿನ ಅವನೇ ಟಿಕ್ ಹಾಕುತ್ತಾನೆ, ಎರಡು ದಿನ ಖಾಲಿ ಬಿದ್ದರೆ ಅವನೇ ಬಂದು ಹೇಳುತ್ತಾನೆ. ಬೀಡಿ ವಿಷಯದಲ್ಲಿ ನಮ್ಮ ಜಗಳ ಮುಗಿದಿಲ್ಲ. ಬಿಡೋದಾದ್ರೆ ಡಾಕ್ಟರಿಗೆ ಹೇಳಿ ಬಿಡು ಅಂತ ನಾನು. ಹೇಳಿದ್ರೆ ಮಾತ್ರೆ ಕಡಿಮೆ ಮಾಡ್ತಾರೆ, ಆಗ ಅವರು ಮತ್ತೆ ಬರ್ತಾರೆ ಅಂತ ಅವನು. ಮುಂದಿನ ಸಲ ಇದನ್ನು ತಾನೇ ಡಾಕ್ಟರ ಹತ್ತಿರ ಕೇಳುತ್ತೇನೆ ಅಂದಿದ್ದಾನೆ.