ವಾಲ್ಹಲ್ಲಾ ಚಿನ್ನದ ಗಣಿ: ಹಗಲು ನೋಡಿ, ರಾತ್ರಿ ಉಳಿಯಬೇಡಿ

ವಾಲ್ಹಲ್ಲಾ ಅಂದರೆ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಹಳೇ ಗಣಿಯೂರು. ಮೆಲ್ಬರ್ನಿಂದ ಮೋಯಿ ಪಟ್ಟಣದವರೆಗೆ ರೈಲಿದೆ. ಅಲ್ಲಿಂದ ಮುಂದೆ ವಾಲ್ಹಲ್ಲಾಕ್ಕೆ ಬಸ್ಸೇ ಇಲ್ಲ, ಹಾಗಾಗಿ ಕಾರಿಲ್ಲದವರು ಈ ಊರಿನ ಆಸೆ ಬಿಡಿ. ಒಟ್ಟು 180 ಕಿ.ಮೀ. ಆಸುಪಾಸು. ಕೊನೆಯ ಭಾಗ ಬರೀ ತಿರುವು, ವಾಂತಿ ಬರುವವರು ಮುಂದಿನ ಸೀಟಿನಲ್ಲಿ ಕೂರಲಿ.

ಜೂನ್ ತಿಂಗಳ ಲಾಂಗ್ ವೀಕೆಂಡಿಗೆ ಹೋದೆವು, ಅಲ್ಲಿ ಆಗ ಚಳಿಗಾಲ. ಊರಲ್ಲಿ ನಾವು ತಂಗಿದ ಜಾಗದವರು ಎರಡು ರಾತ್ರಿ ಕಡ್ಡಾಯ ಅಂತ ಹೇಳಿ 560 ಡಾಲರ್ ಕಿತ್ತುಕೊಂಡರು. ಫೋಟೋದಲ್ಲಿ ಧಗಧಗ ಉರಿಯುತ್ತಿದ್ದ ಬೆಂಕಿಗೂಡಿನೊಳಗೆ ಒಣಹೂವಿನ ಕುಂಡ! ಮೂಲೆಯಲ್ಲೊಂದು ಪುಟ್ಟ ಹೀಟರ್. ಬಿಸಿನೀರು ಒಬ್ಬರ ಸ್ನಾನಕ್ಕೆ ಸರಿಹೋಯಿತು. ಕೇಳಿದರೆ, ಹಳೇ ಕಟ್ಟಡ, ಹಾಗೇ ಇರುತ್ತೆ ಅಂದರು. ಇಕ್ಕಟ್ಟಾದ ಕಣಿವೆ ಬೇರೆ, ಮಧ್ಯಾಹ್ನ ಕಳೆಯುತ್ತಿದ್ದಂತೆ ಬಿಸಿಲು ಮಾಯ. ಮೋಯಿಯಲ್ಲೋ ಟ್ರರಾಲ್ಗನ್‌ನಲ್ಲೋ ರೂಮು ಹಿಡಿದು, ಬೆಳಿಗ್ಗೆ ಬಂದು ಸಂಜೆ ವಾಪಸಾಗಿ.

ಊಟದ ವಿಷಯದಲ್ಲಿ ಮೋಯಿಗೇ ನನ್ನ ಓಟು. ಅಲ್ಲೊಂದು ಫಿಶ್ ಆಂಡ್ ಚಿಪ್ಸ್ ಅಂಗಡಿಯಲ್ಲಿ ಪೊಟ್ಯಾಟೊ ಕೇಕ್ ಕೊಡುತ್ತಾರೆ, ನಮ್ಮ ಆಲೂಗಡ್ಡೆ ಬಜ್ಜಿಯೇ ಅಂದುಕೊಳ್ಳಿ, ಬಿಲ್ಲೆ ಮಾತ್ರ ಬೆರಳಷ್ಟು ದಪ್ಪ. ಕಚ್ಚಿದರೆ ಹೊರಗೆ ಗರಿಗರಿ, ಒಳಗೆ ಹಬೆ. ಕಾಗದದಲ್ಲಿ ಸುತ್ತಿಸಿಕೊಂಡು ಕಾರಿನಲ್ಲಿ ಚಟ್ನಿಪುಡಿ ಉದುರಿಸಿ ತಿಂದೆವು. ನಾಲ್ಕು ಜನರ ಹೊಟ್ಟೆ 20 ಡಾಲರಿನೊಳಗೆ ತುಂಬಿತು. ಶುದ್ಧ ಸಸ್ಯಾಹಾರಿಗಳು ಮೀನು ಕರಿದ ಎಣ್ಣೆಯೇ ಅಂತ ಮೊದಲು ಕೇಳಿ. ನಮ್ಮತ್ತೆ ಕೇಳಿದರು, ಹಾಗಾಗಿ ಬಾಳೆಹಣ್ಣು ತಿಂದರು.

ಇನ್ನು ಗಣಿ. ಲಾಂಗ್ ಟನಲ್ ಎಕ್ಸ್‌ಟೆಂಡೆಡ್ ಗಣಿಗೆ ಗೈಡ್ ಜೊತೆಗಷ್ಟೇ ಪ್ರವೇಶ. ಇದೊಂದರಿಂದಲೇ 13 ಟನ್ನಿಗೂ ಹೆಚ್ಚು ಚಿನ್ನ ತೆಗೆದಿದ್ದಾರೆ. ಆಳದ ಸುರಂಗಗಳಿಗೆ ಇಳಿಸುವುದಿಲ್ಲ, ನಡೆಯುವುದೆಲ್ಲ ಸಮತಟ್ಟು, ಮಂಡಿನೋವಿನವರಿಗೂ ತೊಂದರೆಯಿಲ್ಲ. ಬೆಟ್ಟದ ಹೊಟ್ಟೆಯೊಳಗೆ ಯಂತ್ರಗಳಿಗಾಗಿ ಕೊರೆದ ಕೋಣೆ ಇದೆ, ಅಲ್ಲಿ ನಿಂತಾಗ ನಿಜಕ್ಕೂ ಬೆರಗಾದೆ. ಆ ಯಂತ್ರಗಳೆಲ್ಲ ಸ್ಟೀಮಿನವು. ನಮ್ಮ ಕೆಜಿಎಫ್‌ಗೆ ಶಿವನಸಮುದ್ರದ ಕರೆಂಟು 1902ರಲ್ಲೇ ಬಂತು. ಈ ಊರಿಗೆ ಹೊರಗಿನ ಕರೆಂಟ್ ಲೈನು ಬಂದದ್ದು 1998ರ ಡಿಸೆಂಬರಿನಲ್ಲಿ! ಹಾಗಾಗಿ ಬಾಯ್ಲರಿಗೆ ಸೌದೆಯೇ ಗತಿ. ಸುತ್ತಲ ಗುಡ್ಡಗಳನ್ನೆಲ್ಲ ಬೋಳಿಸಿ, ಇನ್ನೂ ದೂರದಿಂದ ತರಲು 1900ರಲ್ಲಿ ಥಾಮ್ಸನ್ ನದಿಗೆ ಪಾವರ್ಟಿ ಪಾಯಿಂಟಿನಲ್ಲಿ ಸೇತುವೆ ಕಟ್ಟಿದರು. ಈಗ ಸುತ್ತ ಕಾಣುವ ದಟ್ಟ ಕಾಡು ಆಮೇಲೆ ಬೆಳೆದದ್ದು. ಅಂಗಡಿಬೀದಿಯ ಹಳೇ ಫೋಟೋಗಳಲ್ಲಿ ಗುಡ್ಡದ ಮೇಲೆ ಮರವೇ ಕಾಣುವುದಿಲ್ಲ.

ನೆಡ್ ಸ್ಟ್ರಿಂಗರ್ ತಂಡಕ್ಕೆ ಇಲ್ಲಿ ಚಿನ್ನ ಸಿಕ್ಕಿದ್ದು 1862ರ ಕೊನೆಯಲ್ಲಿ. ಜನ ರೈಲಿಗಾಗಿ ವರ್ಷಗಟ್ಟಲೆ ಗೋಗರೆದರು. ಅದು ಬಂದದ್ದು 1910ರಲ್ಲಿ, ಊರಿನ ಇನ್ನೊಂದು ದೊಡ್ಡ ಗಣಿ ಲಾಂಗ್ ಟನಲ್ ಮುಚ್ಚಿದ್ದು 1914ರಲ್ಲಿ. ಕೊನೆಗೆ ಮನೆಗಳನ್ನೇ ಬಿಚ್ಚಿ ಅದೇ ರೈಲಿಗೆ ಹೇರಿ ಸಾಗಿಸಿದರು. ಈಗ ಅದೇ ಹಾದಿಯಲ್ಲಿ ಥಾಮ್ಸನ್ ನಿಲ್ದಾಣದವರೆಗೆ ಟೂರಿಸ್ಟ್ ರೈಲು ಓಡುತ್ತದೆ. ಚೆನ್ನಾಗಿದೆ, ಆದರೆ ರಜಾದಿನ ನೂಕುನುಗ್ಗಲು. ನನಗೆ ಗದ್ದಲ ಆಗಿಬರುವುದಿಲ್ಲ. ಜನಜಂಗುಳಿ ಬೇಡದವರು ಗುಡ್ಡದ ತುದಿ ಕಡಿದು ಮಾಡಿದ ಕ್ರಿಕೆಟ್ ಮೈದಾನಕ್ಕೆ ಹತ್ತಿ. ಏರು ಜೋರಾಗಿದೆ, ಚೆಂಡು ಬೌಂಡರಿ ದಾಟಿದರೆ ಕಣಿವೆಗೇ.

ಕಾಡಿನಲ್ಲಿ ದಾರಿ ಬಿಟ್ಟು ಹೆಜ್ಜೆ ಇಡಬೇಡಿ, ಪೊದೆಗಳ ನಡುವೆ ಹಳೇ ಗಣಿಬಾವಿಗಳಿವೆ. ಪೆಟ್ರೋಲ್ ಮೋಯಿಯಲ್ಲೇ ತುಂಬಿಸಿಕೊಳ್ಳಿ. ಕತ್ತಲಾಗುವ ಮುಂಚೆ ಹೊರಡಿ, ಆಮೇಲೆ ರಸ್ತೆಗೆ ವಾಲಬಿಗಳು (ಪುಟ್ಟ ಕಾಂಗರೂಗಳಂಥವು) ಹಾರುತ್ತವೆ.