ಪ್ಲಾಂಕ್ ಸ್ಥಿರಾಂಕದಿಂದ ಮೂರು ಸೀಳಿನವರೆಗೆ: ನಮ್ಮ ಶನಿವಾರಗಳ ದಿನಚರಿ

ಜೂನ್ 21, 2025

ಶನಿವಾರ ಒಂದೂವರೆಗೆ ತರಗತಿ ಮುಗಿಯುತ್ತದೆ. ಹಳ್ಳಿ ಕಡೆಯ ಬಸ್ಸು ಬರುವುದು ನಾಲ್ಕಕ್ಕೆ. ಅಲ್ಲಿಯವರೆಗೆ ಬಿಎಸ್ಸಿ ಕೊನೆಯ ವರ್ಷದ ಹನ್ನೊಂದು ಮಕ್ಕಳು ಕಾಲೇಜಿನ ಜಗಲಿಯಲ್ಲೇ ಕೂತಿರುತ್ತಾರೆ. ಆ ಎರಡೂವರೆ ಗಂಟೆಯನ್ನು ಕ್ವಾಂಟಂ ಪ್ರಯೋಗಗಳಿಗೆ ಕೊಡುತ್ತೀರಾ ಎಂದು ಕೇಳಿದೆ. ಒಪ್ಪಿದರು. ವಿಶ್ವಸಂಸ್ಥೆ ಈ ವರ್ಷವನ್ನು ಕ್ವಾಂಟಂ ವಿಜ್ಞಾನ ಮತ್ತು ತಂತ್ರಜ್ಞಾನದ ಅಂತಾರಾಷ್ಟ್ರೀಯ ವರ್ಷ ಎಂದು ಸಾರಿದೆ. ಜರ್ಮನಿಯ ಭೌತವಿಜ್ಞಾನಿ ಹೈಸೆನ್‌ಬರ್ಗ್ ಹೆಲ್ಗೊಲ್ಯಾಂಡ್ ದ್ವೀಪದಲ್ಲಿ ಕೂತು ಕ್ವಾಂಟಂ ಸಿದ್ಧಾಂತಕ್ಕೆ ಬುನಾದಿಯಾದ ಲೆಕ್ಕ ಹಿಡಿದದ್ದು 1925ರ ಜೂನ್‌ನಲ್ಲಿ. ಶುರು ಮಾಡಲು ಇದಕ್ಕಿಂತ ಒಳ್ಳೆಯ ತಿಂಗಳು ಸಿಗಲಾರದು.

ನನ್ನ ಮನಸ್ಸಿನಲ್ಲಿ ಇನ್ನೂ ಒಂದು ಕಾರಣವಿದೆ. ಪ್ಲಾಂಕ್ ಸ್ಥಿರಾಂಕ ಅಳೆಯುವ ಪ್ರಯೋಗ ನಾನು ಓದುವಾಗಲೂ ಇತ್ತು. ಎಲ್ಲರ ರೆಕಾರ್ಡ್ ಪುಸ್ತಕದಲ್ಲೂ ಉತ್ತರ 6.6 ಎಂದೇ ಇರುತ್ತಿತ್ತು. ಬೇರೆ ಸಂಖ್ಯೆ ಬರೆದರೆ ಅಂಕ ಕಡಿಮೆ. ಹಾಗಾಗಿ ಮೊದಲು ಉತ್ತರ ಬರೆದು, ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ತುಂಬುತ್ತಿದ್ದೆವು. ಇಪ್ಪತ್ತೈದು ವರ್ಷವಾದರೂ ಅದು ನನ್ನೊಳಗೆ ಚುಚ್ಚುತ್ತಲೇ ಇದೆ. ಈ ಸಲ ಹನ್ನೊಂದು ಮಂದಿಗೂ ಹೇಳಿದ್ದು ಇಷ್ಟೇ: ಮೀಟರ್ ತೋರಿಸಿದ್ದನ್ನು ಬರೆಯಿರಿ, ಪೆನ್ನಿನಲ್ಲಿ ಬರೆಯಿರಿ, ಅಳಿಸಬೇಡಿ.

ಜುಲೈ 5

ಎಲ್‌ಇಡಿಗಳು ಬಂದವು. ಬೆಂಗಳೂರಿಗೆ ಹೋಗಿದ್ದ ವಿದ್ಯಾರ್ಥಿಯೊಬ್ಬ ಎಸ್.ಪಿ. ರಸ್ತೆಯಿಂದ ಕೆಂಪು, ಹಳದಿ, ಹಸಿರು, ನೀಲಿ, ಬಿಳಿ, ಜೊತೆಗೆ ರಿಮೋಟ್‌ನಲ್ಲಿ ಇರುವಂಥ ಅವಕೆಂಪು ಎಲ್‌ಇಡಿಗಳನ್ನು ಹಿಡಿ ಹಿಡಿಯಾಗಿ ತಂದ. ಎಲ್ಲ ಸೇರಿ ಒಂದು ಊಟದ ದುಡ್ಡೂ ಆಗಿಲ್ಲ.

ತತ್ವ ಸರಳ. ಎಲ್‌ಇಡಿಯೊಳಗೆ ಎಲೆಕ್ಟ್ರಾನ್ ಒಂದು ಮೆಟ್ಟಿಲು ಇಳಿದಾಗ ಒಂದು ಫೋಟಾನ್, ಅಂದರೆ ಬೆಳಕಿನ ಒಂದು ಕಣ, ಹೊರಬೀಳುತ್ತದೆ. ಮೆಟ್ಟಿಲು ಎತ್ತರವಾದಷ್ಟೂ ಬೆಳಕು ನೀಲಿಯ ಕಡೆಗೆ ಸರಿಯುತ್ತದೆ. ಆ ಎತ್ತರಕ್ಕೆ ಎಲೆಕ್ಟ್ರಾನನ್ನು ಏರಿಸಲು ಎಷ್ಟು ವೋಲ್ಟೇಜ್ ಬೇಕು ಎಂದು ನೋಡಿದರೆ, ಶಕ್ತಿಗೂ ಆವೃತ್ತಿಗೂ ಇರುವ ನಂಟು ಕೈಗೆ ಸಿಗುತ್ತದೆ. ಆ ನಂಟೇ ಪ್ಲಾಂಕ್ ಸ್ಥಿರಾಂಕ.

ವೋಲ್ಟೇಜನ್ನು ಮೆಲ್ಲಗೆ ಏರಿಸುತ್ತಾ, ಮಿಣುಕು ಕಂಡ ತಕ್ಷಣ ಓದಿಕೊಂಡೆವು. ಕೆಂಪಿಗೆ 1.6 ವೋಲ್ಟ್, ನೀಲಿಗೆ 2.4. ಲೆಕ್ಕ ಹಾಕಿದರೆ ಕೆಂಪಿನಿಂದ 5.4 × 10⁻³⁴ ಜೂಲ್-ಸೆಕೆಂಡ್ ಬಂತು, ನೀಲಿಯಿಂದ 6.0 × 10⁻³⁴. ಪುಸ್ತಕದಲ್ಲಿ ಇರುವುದು 6.63. ಮಕ್ಕಳ ಮುಖ ಬಾಡಿತು. ಒಬ್ಬ ಹುಡುಗಿ ಮಾತ್ರ ಪಟ್ಟಿಯನ್ನು ದಿಟ್ಟಿಸಿ ನೋಡಿ, "ಸರ್, ತಪ್ಪಾಗಿದ್ದರೆ ಎಲ್ಲಕ್ಕೂ ಒಂದೇ ಥರ ತಪ್ಪಾಗಬೇಕಿತ್ತು. ಬಣ್ಣ ಬದಲಾದ ಹಾಗೆ ಸ್ಥಿರಾಂಕ ಯಾಕೆ ಏರುತ್ತಿದೆ?" ಎಂದಳು. ಇಡೀ ವರ್ಷದ ಪಾಠ ಈ ಪ್ರಶ್ನೆಯಲ್ಲಿದೆ. ಉತ್ತರ ಹೇಳದೆ ಬಸ್ಸಿಗೆ ಕಳಿಸಿದೆ.

ಜುಲೈ 19

ಕಣ್ಣನ್ನು ನಂಬುವುದು ಬಿಟ್ಟೆವು. ಕಿಟಕಿ ಪಕ್ಕ ಕೂತವನಿಗೆ ಕೆಂಪು ಮಿಣುಕು ಕಂಡದ್ದು ತಡವಾಗಿ, ಮೂಲೆಯಲ್ಲಿ ಕೂತವಳಿಗೆ ಬೇಗ. ಅದರ ಬದಲು ಎಲ್‌ಇಡಿಯ ಜೊತೆ ಸರಣಿಯಲ್ಲಿ 1 ಕಿಲೋಓಮ್ ರೋಧಕ ಇಟ್ಟು, ಅದರ ಮೇಲೆ 10 ಮಿಲಿವೋಲ್ಟ್ ಬಂದಾಗ ನಿಲ್ಲಿಸಿದೆವು. ಅಂದರೆ ಪ್ರತಿ ಎಲ್‌ಇಡಿಯಲ್ಲೂ ಹರಿಯುವುದು ಅದೇ 10 ಮೈಕ್ರೋಆಂಪಿಯರ್.

ಅಂಗಡಿಯವರಿಗೆ ತರಂಗಾಂತರ ಗೊತ್ತಿರಲಿಲ್ಲ, ಅದನ್ನೂ ನಾವೇ ಅಳೆದೆವು. ಹಳೇ ಸಿಡಿಯ ಹೊಳಪಿನ ಪದರಕ್ಕೆ ಅಂಟುಪಟ್ಟಿ ಹಚ್ಚಿ ಕಿತ್ತರೆ ಪಾರದರ್ಶಕ ಜಾಲರಿ ಉಳಿಯುತ್ತದೆ. ಅದರ ಗೆರೆಯಿಂದ ಗೆರೆಗೆ 1.6 ಮೈಕ್ರೋಮೀಟರ್. ಮೀಟರ್ ಕೋಲಿನ ಸೊನ್ನೆಯ ತುದಿಯಲ್ಲಿ ಎಲ್‌ಇಡಿ ಇಟ್ಟು, ಒಂದು ಮೀಟರ್ ದೂರದಿಂದ ಸಿಡಿ ಚೂರಿನ ಮೂಲಕ ನೋಡಿದರೆ ಬಣ್ಣದ ಬಿಂಬ ಪಕ್ಕಕ್ಕೆ ಸರಿದು ಕಾಣುತ್ತದೆ. ಕೆಂಪು ಸುಮಾರು 43 ಸೆಂ.ಮೀ.ಗೆ, ನೀಲಿ 31ಕ್ಕೆ. ಅವಕೆಂಪು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಮೊಬೈಲಿನ ಮುಂದಿನ ಕ್ಯಾಮೆರಾಕ್ಕೆ ಕಾಣುತ್ತದೆ. 73 ಸೆಂ.ಮೀ.ಗೆ ನೇರಳೆ ಚುಕ್ಕಿಯಾಗಿ ಅದು ಪರದೆಯ ಮೇಲೆ ಮೂಡಿದಾಗ ಇಡೀ ಕೋಣೆ ಕೂಗಿತು. ಇಲ್ಲದ ಬೆಳಕಿಗೆ ಅಳತೆ ಸಿಕ್ಕಂತೆ ಆಯಿತು ಎಂದಳೊಬ್ಬಳು. ಇಲ್ಲದ್ದಲ್ಲ, ಕಾಣದ್ದು ಎಂದು ಪಕ್ಕದವನೇ ತಿದ್ದಿದ.

ಇವತ್ತಿನ ಓದು: ಅವಕೆಂಪು 0.98, ಕೆಂಪು 1.57, ಹಳದಿ 1.68, ಹಸಿರು 2.08, ನೀಲಿ 2.32 ವೋಲ್ಟ್. ಆವೃತ್ತಿಯ ಎದುರು ವೋಲ್ಟೇಜ್ ಗುರುತಿಸಿ ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದರು. ಗೆರೆ ಸೊನ್ನೆಯ ಮೂಲಕ ಹೋಗಲಿಲ್ಲ, 0.42 ವೋಲ್ಟ್ ಕೆಳಗೆ ಹೋಯಿತು. ಮೊನ್ನೆಯ ಪ್ರಶ್ನೆಗೆ ಉತ್ತರ ಅದೇ. ಅಷ್ಟು ಚಿಕ್ಕ ವಿದ್ಯುತ್ ಹರಿಯಲು ಮೆಟ್ಟಿಲಿನ ಪೂರ್ತಿ ಎತ್ತರದಷ್ಟು ವೋಲ್ಟೇಜ್ ಬೇಕಿಲ್ಲ. ಕೋಣೆಯ ಶಾಖದಿಂದಲೇ ಕೆಲವು ಎಲೆಕ್ಟ್ರಾನ್‌ಗಳು ದಾಟಿಬಿಡುತ್ತವೆ. ಹೆಚ್ಚುಕಡಿಮೆ ಅದೇ ಮೊತ್ತ ಎಲ್ಲ ಬಣ್ಣದಲ್ಲೂ ಕಡಿತವಾಗುತ್ತದೆ. ಕೆಂಪಿನಂಥ ಸಣ್ಣ ಸಂಖ್ಯೆಗೆ ಆ ಕಡಿತ ದೊಡ್ಡ ಪೆಟ್ಟು, ನೀಲಿಗೆ ಸಣ್ಣದು. ಒಂದೊಂದೇ ಎಲ್‌ಇಡಿ ನಂಬದೆ ಗೆರೆಯ ಇಳಿಜಾರು ತೆಗೆದುಕೊಂಡರೆ ಕಡಿತ ತಾನಾಗಿಯೇ ಉದುರಿಹೋಗುತ್ತದೆ. ಇಳಿಜಾರಿನಿಂದ ಬಂದದ್ದು 6.85 × 10⁻³⁴. ನೂರಕ್ಕೆ ಮೂರರಷ್ಟು ಹೆಚ್ಚು. ಹನ್ನೊಂದು ರೆಕಾರ್ಡ್‌ಗಳಲ್ಲೂ 6.85 ಎಂದೇ ಬರೆಸಿ ಸಹಿ ಹಾಕಿದೆ.

ಬಿಳಿ ಎಲ್‌ಇಡಿಯ ಕಥೆ ಹೇಳಲೇಬೇಕು. ಅದು ಗೆರೆಯಲ್ಲಿ ಎಲ್ಲಿ ಕೂರಬೇಕು ಎಂದು ಯಾರಿಗೂ ಗೊತ್ತಿರಲಿಲ್ಲ. ಅಳೆದರೆ ವೋಲ್ಟೇಜ್ ನೀಲಿಯ ಪಕ್ಕಕ್ಕೇ ಬಂತು. ಒಬ್ಬ ಹುಡುಗ ಸಿಡಿ ಚೂರಿನಲ್ಲಿ ನೋಡಿ, ಬಿಳಿಯೊಳಗೆ ನೀಲಿಯ ಪಟ್ಟಿ ಒಂದೇ ತೀಕ್ಷ್ಣವಾಗಿದೆ, ಉಳಿದದ್ದು ಹರಡಿಕೊಂಡಿದೆ ಎಂದ. ಒಳಗಿರುವುದು ನೀಲಿ ಎಲ್‌ಇಡಿಯೇ, ಮೇಲೆ ಬಳಿದ ಹಳದಿ ಪುಡಿ ಅದರ ಬೆಳಕನ್ನು ನುಂಗಿ ಬೇರೆ ಬಣ್ಣ ಉಗುಳುತ್ತದೆ ಎಂಬುದನ್ನು ನಾನು ಹೇಳುವ ಮೊದಲೇ ಅವನು ಅರ್ಧ ಊಹಿಸಿದ್ದ.

ಆಗಸ್ಟ್ 2

ಮಳೆ, ಕರೆಂಟಿಲ್ಲ. ಮಾತು ಮಾತ್ರ. 2019ರ ಮೇ 20ರಿಂದ ಪ್ಲಾಂಕ್ ಸ್ಥಿರಾಂಕದ ಬೆಲೆಯನ್ನು 6.62607015 × 10⁻³⁴ ಎಂದು ಗೊತ್ತುಮಾಡಿ, ಕಿಲೋಗ್ರಾಮನ್ನೇ ಅದರಿಂದ ವ್ಯಾಖ್ಯಾನಿಸಿದ್ದಾರೆ ಎಂದೆ. ಹಾಗಾದರೆ ನಾವು ಅಳೆದದ್ದು ಏನು ಎಂದು ಕೇಳಿದರು. ನಮ್ಮ ಮೀಟರನ್ನು, ನಮ್ಮ ಸಿಡಿಯನ್ನು, ಎಲ್‌ಇಡಿ ಬಗ್ಗೆ ನಮಗಿರುವ ತಿಳಿವನ್ನು ಅಳೆದೆವು ಎಂದೆ. ಈ ಉತ್ತರ ಅವರಿಗೆ ಹಿಡಿಸಿತೋ ಇಲ್ಲವೋ, ನನಗಂತೂ ಅದರ ಮೇಲೆ ನಂಬಿಕೆಯಿದೆ.

ಆಗಸ್ಟ್ 30

ಎರಡನೇ ಹಂತ: ಒಂದು ಸಲಕ್ಕೆ ಒಂದೇ ಫೋಟಾನ್ ಇರುವಷ್ಟು ಮಂದ ಬೆಳಕಿನಲ್ಲಿ ಜೋಡಿ ಸೀಳು, ಅಂದರೆ ಎರಡು ಕಿರು ಸೀಳು ದಾಟಿದ ಬೆಳಕು ಪಟ್ಟಿ ಪಟ್ಟಿಯಾಗಿ ಬೀಳುವ ಪ್ರಯೋಗ. 1909ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಿ.ಐ. ಟೇಲರ್ ಹೊಗೆ ಹಿಡಿಸಿದ ಗಾಜಿನಿಂದ ಬೆಳಕು ಕುಗ್ಗಿಸಿ, ಒಂದು ಸೂಜಿಯ ನೆರಳನ್ನು ಮೂರು ತಿಂಗಳ ಕಾಲ ಫೋಟೋ ತಟ್ಟೆಗೆ ಬೀಳಿಸಿದ. ನೆರಳಿನ ಅಂಚಿನ ಪಟ್ಟಿಗಳು ಬೆಳಕು ಜೋರಾಗಿದ್ದಾಗ ಎಷ್ಟು ಸ್ಪಷ್ಟವೋ ಅಷ್ಟೇ ಸ್ಪಷ್ಟವಾಗಿದ್ದವು.

ನಮ್ಮ ಲೆಕ್ಕ ಕರಿಹಲಗೆಯಲ್ಲಿ ನಡೆಯಿತು. 650 ನ್ಯಾನೋಮೀಟರ್‌ನ 1 ಮಿಲಿವ್ಯಾಟ್ ಲೇಸರ್ ಸೆಕೆಂಡಿಗೆ ಸುಮಾರು 3.3 × 10¹⁵ ಫೋಟಾನ್ ಕಳಿಸುತ್ತದೆ. 60 ಸೆಂ.ಮೀ. ಪೆಟ್ಟಿಗೆ ದಾಟಲು ಬೆಳಕಿಗೆ 2 ನ್ಯಾನೋಸೆಕೆಂಡ್ ಸಾಕು. ಅಂದರೆ ಯಾವ ಕ್ಷಣ ನೋಡಿದರೂ ಒಳಗೆ 66 ಲಕ್ಷ ಫೋಟಾನ್‌ಗಳು. ಒಂದಕ್ಕಿಂತ ಕಡಿಮೆ ಮಾಡಬೇಕೆಂದರೆ ಬೆಳಕನ್ನು ಕೋಟಿ ಪಾಲಿನಷ್ಟು ಕುಗ್ಗಿಸಬೇಕು. ಬಸ್‌ಸ್ಟ್ಯಾಂಡ್ ಹಿಂದಿನ ವೆಲ್ಡಿಂಗ್ ಅಂಗಡಿಯವರು ಎರಡು ಕಪ್ಪು ಗಾಜು ಕೊಟ್ಟರು, ದುಡ್ಡು ಮುಟ್ಟಲಿಲ್ಲ. ಬೆಳಕನ್ನು ವಿದ್ಯುತ್ತಾಗಿಸುವ ಫೋಟೋಡಯೋಡ್‌ನಲ್ಲಿ ಅಳೆದರೆ ಒಂದು ಗಾಜು ಬಿಡುವುದು ಒಂಬತ್ತು ಸಾವಿರದಲ್ಲಿ ಒಂದು ಪಾಲು. ಎರಡನ್ನೂ ಇಟ್ಟರೆ ಪೆಟ್ಟಿಗೆಯೊಳಗೆ ಸರಾಸರಿ 0.08 ಫೋಟಾನ್. ನೂರು ಸಲ ಇಣುಕಿದರೆ ತೊಂಬತ್ತೆರಡು ಸಲ ಪೆಟ್ಟಿಗೆ ಖಾಲಿ.

ಸೀಳು ಮಾಡುವುದೇ ದೊಡ್ಡ ಕೆಲಸ. ಗಾಜಿನ ಪಟ್ಟಿಗೆ ಚಿಮಣಿ ಮಸಿ ಹಿಡಿಸಿ, ಎರಡು ಬ್ಲೇಡನ್ನು ಒತ್ತಿ ಹಿಡಿದು ಒಂದೇ ಗೀರು. ಬ್ಲೇಡಿನ ದಪ್ಪ 0.1 ಮಿ.ಮೀ., ಸೀಳುಗಳ ನಡುವಿನ ದೂರವೂ ಅದೇ. ಕೈ ಸ್ವಲ್ಪ ನಡುಗಿದರೂ ಎರಡು ಗೀರು ಸೇರಿಹೋಗುತ್ತವೆ. ಹದಿನೇಳನೇ ಗಾಜು ಸರಿಯಾಗಿ ಬಂತು. ಗೀರಿದವಳು ಮನೆಯಲ್ಲಿ ರಂಗೋಲಿ ಎಳೆ ಬಿಡುವವಳಂತೆ, ಕೈ ಅಲುಗಲೇ ಇಲ್ಲ.

ಸೆಪ್ಟೆಂಬರ್ 20

ಮದುವೆ ಫೋಟೋ ತೆಗೆಯುವ ಗೆಳೆಯ ತನ್ನ ಹಳೇ ಕ್ಯಾಮೆರಾ ಕೊಟ್ಟಿದ್ದಾನೆ. ಲೆನ್ಸ್ ತೆಗೆದು ಪೆಟ್ಟಿಗೆಯ ತುದಿಗೆ ಜೋಡಿಸಿದೆವು. ಮೊದಲ ಆರು ಚಿತ್ರಗಳು ಬರೀ ಬೂದಿ: ಪೆಟ್ಟಿಗೆಯ ಮೊಳೆ ತೂತಿನಿಂದ ಬೆಳಕು ನುಗ್ಗುತ್ತಿತ್ತು. ತೂತಿಗೆ ಮೇಣ ತುಂಬಿದೆವು. ಆಮೇಲಿನ ಚಿತ್ರಗಳಲ್ಲಿ ಪಟ್ಟಿಗಳು ಕಂಡರೂ ಕಲಸಿದಂತಿದ್ದವು. ಪಕ್ಕದ ಹಿಟ್ಟಿನ ಗಿರಣಿ ಓಡುವಾಗ ಮೇಜು ಅದುರುತ್ತದೆ ಎಂದು ಗೊತ್ತಾದದ್ದು ನೀರಿನ ಲೋಟ ಇಟ್ಟು ನೋಡಿದಾಗ. ಗಾಳಿ ತುಂಬಿದ ಸೈಕಲ್ ಟ್ಯೂಬ್ ಮೇಲೆ ಕಡಪ ಕಲ್ಲು, ಕಲ್ಲಿನ ಮೇಲೆ ಪೆಟ್ಟಿಗೆ ಇಟ್ಟೆವು.

ಮೂರು ಗಂಟೆ ಹತ್ತು ನಿಮಿಷ. 30 ಸೆಕೆಂಡ್ ಎಕ್ಸ್‌ಪೋಷರ್. ಸುಮಾರು 4 ಮಿ.ಮೀ.ಗೆ ಒಂದರಂತೆ ಐದು ಕೆಂಪು ಪಟ್ಟಿ, ನಡುವೆ ಕಪ್ಪು. ಲೆಕ್ಕ ಹೇಳಿದ್ದು 3.9. ಯಾರೂ ಮಾತಾಡಲಿಲ್ಲ. ಬಸ್ಸು ಹಾರ್ನ್ ಹಾಕಿದರೂ ಎದ್ದವರಿಲ್ಲ, ಚಾಲಕರಿಗೆ ನಾನೇ ಹೋಗಿ ಎರಡು ನಿಮಿಷ ಕೇಳಿಕೊಂಡು ಬಂದೆ.

ಇಲ್ಲಿ ಮಕ್ಕಳಿಗೆ ಪೂರ್ತಿ ಸತ್ಯ ಹೇಳುವುದು ನನ್ನ ಹೊಣೆ. ಈ ಚಿತ್ರ ಸುಂದರ, ಆದರೆ ಫೋಟಾನ್ ಇದೆ ಎನ್ನುವುದಕ್ಕೆ ಇದು ಸಾಕ್ಷಿಯಲ್ಲ. ಕುಗ್ಗಿಸಿದ ಲೇಸರಿನಲ್ಲಿ ಸರಾಸರಿ 0.08 ಎಂದರೂ ಆಗೊಮ್ಮೆ ಈಗೊಮ್ಮೆ ಎರಡು ಫೋಟಾನ್ ಒಟ್ಟಿಗೆ ಬರುತ್ತವೆ. ಬರೀ ಅಲೆ ಎಂದುಕೊಂಡರೂ ಇದೇ ಪಟ್ಟಿಗಳು ಬರುತ್ತವೆ. ಒಂದೇ ಫೋಟಾನ್ ಎಂದು ಖಾತ್ರಿಪಡಿಸಲು 1986ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿಗಳಾದ ಗ್ರಾಂಜಿಯೇ, ರೋಜೆ, ಆಸ್ಪೆ ಮಾಡಿದಂತೆ ಬೆಳಕನ್ನು ಅರ್ಧಗನ್ನಡಿಗೆ (ಅರ್ಧ ಬೆಳಕನ್ನು ದಾಟಿಸಿ, ಅರ್ಧವನ್ನು ಮರಳಿಸುವ ಗಾಜಿಗೆ) ಬಿಟ್ಟು, ಎರಡು ಕಡೆಯ ಪತ್ತೆಕಾರಕಗಳು ಒಟ್ಟಿಗೆ ಮಿಡಿಯುವುದು ಎಷ್ಟು ಅಪರೂಪ ಎಂದು ಎಣಿಸಬೇಕು. ಬೇಸರವಾಗುತ್ತದೇನೋ ಎಂದು ಅಂಜುತ್ತಲೇ ಹೇಳಿದೆ. ಬೇಸರ ಆಗಲಿಲ್ಲ, ಅರ್ಧಗನ್ನಡಿ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಕನ್ನಡಿ ಸಿಗುತ್ತದೆ, ಒಂಟಿ ಫೋಟಾನ್ ಎಣಿಸುವ ಪತ್ತೆಕಾರಕ ನಮ್ಮ ಕೈಗೆ ಎಟುಕುವುದಿಲ್ಲ.

ನವೆಂಬರ್ 15

ಹಬ್ಬ, ಪರೀಕ್ಷೆ ಎಂದು ಎಂಟು ವಾರ ಹೋಯಿತು. ರಂಗೋಲಿ ಕೈಯವಳು ಅಷ್ಟರಲ್ಲಿ ಕೇಳಿದ್ದಳು: ಎರಡರ ಬದಲು ಮೂರು ಸೀಳು ಇದ್ದರೆ?

ಈ ಪ್ರಶ್ನೆಯ ಬೆನ್ನು ಹತ್ತಿದವರು ಬೆಂಗಳೂರಿನಲ್ಲೇ ಇದ್ದಾರೆ. ಮೇಖ್ರಿ ಸರ್ಕಲ್ ಹತ್ತಿರದ ರಾಮನ್ ಸಂಶೋಧನಾ ಸಂಸ್ಥೆಯ ಉರ್ಬಸಿ ಸಿನ್ಹಾ ಕೆನಡಾದ ವಾಟರ್‌ಲೂನಲ್ಲಿದ್ದಾಗ, ಸಹೋದ್ಯೋಗಿಗಳ ಜೊತೆ ಮಾಡಿದ ಮೂರು ಸೀಳಿನ ಪ್ರಯೋಗ 2010ರಲ್ಲಿ ಪ್ರಕಟವಾಯಿತು. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ 1926ರಲ್ಲಿ ಕೊಟ್ಟ ನಿಯಮದ ಪ್ರಕಾರ ಫೋಟಾನ್ ಒಂದು ಜಾಗದಲ್ಲಿ ಸಿಗುವ ಸಂಭವನೀಯತೆ ಎಂದರೆ ಅಲೆಯ ವರ್ಗ, ಅಂದರೆ ಅದನ್ನು ಅದರಿಂದಲೇ ಗುಣಿಸಿದ್ದು. ವರ್ಗ ಬಿಡಿಸಿದರೆ ಸಿಗುವುದು ಇಬ್ಬಿಬ್ಬರ ಗುಣಲಬ್ಧಗಳು ಮಾತ್ರ, ಮೂವರದು ಎಂದಿಗೂ ಬರುವುದಿಲ್ಲ. ಹಾಗಾಗಿ ಮೂರು ಸೀಳಿನ ಬೆಳಕಿನಿಂದ ಜೋಡಿಗಳ ಬೆಳಕನ್ನು ಕಳೆದು, ಒಂಟಿಗಳನ್ನು ಕೂಡಿದರೆ ಸೊನ್ನೆ ಬರಬೇಕು. ಮೂರರ ಒಟ್ಟು ವ್ಯತೀಕರಣ (ಅಲೆಗಳು ಸೇರಿದಾಗ ಒಂದನ್ನೊಂದು ಹೆಚ್ಚಿಸುವ, ಕುಗ್ಗಿಸುವ ಪರಿಣಾಮ) ಏನಾದರೂ ಇದ್ದರೆ ಅದು ಜೋಡಿಯದರ ನೂರನೇ ಒಂದು ಭಾಗಕ್ಕಿಂತ ಕಡಿಮೆ ಎಂದು ಅವರು ತೋರಿಸಿದರು.

ಇದನ್ನು ಪೂರ್ತಿ ಬೆಳಕಿನಲ್ಲಿ, ಫೋಟೋಡಯೋಡ್ ಇಟ್ಟು, ನಾವೂ ಮಾಡಬಹುದು! ಮೂರು ಬ್ಲೇಡು, ಮೂರು ಗೀರು. ಎ, ಬಿ, ಸಿ ಸೀಳುಗಳನ್ನು ಬೇಕಾದಂತೆ ಮುಚ್ಚಲು ಕಪ್ಪು ಕಾಗದದ ಏಳು ಪಟ್ಟಿ. ನಡುಪಟ್ಟಿಯಲ್ಲಿ ಓದು, ಮಿಲಿವೋಲ್ಟ್‌ನಲ್ಲಿ: ಎ 10.2, ಬಿ 11.0, ಸಿ 9.7, ಎಬಿ 42.4, ಬಿಸಿ 41.4, ಎಸಿ 39.8, ಮೂರೂ ತೆರೆದಾಗ 87.1. ಲೆಕ್ಕ ಹಾಕಿದರೆ −5.6. ಸೊನ್ನೆಯಲ್ಲ.

ಬಾರ್ನ್ ನಿಯಮ ಮುರಿಯಿತು ಎಂದು ಯಾರೂ ಹೇಳಲಿಲ್ಲ, ಓದನ್ನು ತಿದ್ದೋಣ ಎಂದೂ ಯಾರೂ ಹೇಳಲಿಲ್ಲ. ಜುಲೈನಲ್ಲಿ ಪ್ರಶ್ನೆ ಕೇಳಿದ್ದ ಹುಡುಗಿ ಕಾಗದ ತೆಗೆದು ಮತ್ತೆ ಎ ಒಂದನ್ನೇ ಅಳೆದಳು. 10.2 ಇದ್ದದ್ದು 9.6 ಆಗಿತ್ತು. ಲೇಸರ್ ಪೆನ್ನಿನ ಬ್ಯಾಟರಿ ಇಳಿಯುತ್ತಿತ್ತು. ಕೊನೆಗೆ ಅಳೆದದ್ದಕ್ಕೆ ಹೆಚ್ಚು ಪೆಟ್ಟು.

ನವೆಂಬರ್ 29

ಬ್ಯಾಟರಿ ತೆಗೆದು ಸ್ಥಿರ ವೋಲ್ಟೇಜಿನ ಸರ್ಕೀಟು ಹಾಕಿದೆವು. ಲೇಸರ್ ಬಿಸಿಯಾಗಿ ನೆಲೆಗೊಳ್ಳಲು ಇಪ್ಪತ್ತು ನಿಮಿಷ ಕಾದೆವು. ಏಳು ಜೋಡಣೆಗಳ ಹೆಸರು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ, ಬಂದ ಚೀಟಿಯಂತೆ ಅಳೆದೆವು. ಐದು ಸುತ್ತು.

ಸರಾಸರಿ −0.8, ಆಚೀಚೆ 1.5 ಮಿಲಿವೋಲ್ಟ್.

ಅದನ್ನೇ ಬರೆದರು, ಪೆನ್ನಿನಲ್ಲಿ. −5.6 ಬಂದ ಹಾಳೆಯೂ ರೆಕಾರ್ಡಿನಲ್ಲಿ ಹಾಗೇ ಇದೆ, ಕೆಳಗೆ "ಬ್ಯಾಟರಿ" ಎಂದು ಒಂದು ಪದ. ಜನವರಿಗೆ ಅಂಚಿನ 1.5ನ್ನು ಕುಗ್ಗಿಸಬೇಕು. ಕಾಗದದ ಪಟ್ಟಿ ಪ್ರತಿಸಲ ಒಂದೇ ಕಡೆ ಕೂರುತ್ತಿಲ್ಲ, ಅಲ್ಲೇ ದೋಷ ಎಂದು ಅನುಮಾನ. ಊರಿನ ಅಕ್ಕಸಾಲಿಗರು ತೆಳು ಹಿತ್ತಾಳೆ ತಗಡಿನಲ್ಲಿ ಕೊರೆದು ಕೊಡುತ್ತೇನೆ ಎಂದಿದ್ದಾರೆ. ಸೋಮವಾರ ಅಳತೆ ಕೊಡಬೇಕು.