ಮುಳಿಗುಡ್ಡೆಯ ಮೇಲೆ ಡಿಸ್ಕ್ ಗಾಲ್ಫ್

ಕಾಸರಗೋಡಿಗೆ ಹೋದವರೆಲ್ಲ ಬೇಕಲ ಕೋಟೆಯ ಬಗ್ಗೆ ಬರೆಯುತ್ತಾರೆ. ನಾವೂ ನೋಡಿದೆವು. ಕೆಳದಿಯ ಶಿವಪ್ಪ ನಾಯಕನ ಕಾಲದ ಕೋಟೆ, ಬುರುಜಿನ ಮೇಲೆ ನಿಂತರೆ ಮೂರು ಕಡೆ ಸಮುದ್ರ. ಚೆನ್ನಾಗಿದೆ. ಅನಂತಪುರದ ಕೆರೆಯ ನಡುವಿನ ದೇವಸ್ಥಾನ, ಮಧೂರು, ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ, ಎಲ್ಲ ಆಯಿತು. ಆದರೆ ಮನಸ್ಸಿನಲ್ಲಿ ಉಳಿದದ್ದು ಪೆರ್ಲದ ಕಡೆಯ ಒಂದು ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡೆ, ಅಲ್ಲಿ ಹುಡುಗರು ಆಡುತ್ತಿದ್ದ ಡಿಸ್ಕ್ ಗಾಲ್ಫ್ ಅನ್ನುವ ಆಟ, ಮತ್ತು ಅಲ್ಲಿ ಸಿಕ್ಕ ಹೆಂಗಸೊಬ್ಬರ ಮಾತು.

ಪೆರ್ಲಕ್ಕೆ ಹೋಗುವ ಯೋಚನೆ ಮೊದಲು ಇರಲೇ ಇಲ್ಲ. ಬೇಕಲದ ಹತ್ತಿರ ಒಂದು ಲಾಡ್ಜಿಗೆ ಆನ್‌ಲೈನಿನಲ್ಲಿ ಮುಂಗಡ ಕಟ್ಟಿ ರೂಮ್ ಹೇಳಿಟ್ಟಿದ್ದೆವು. ರಾತ್ರಿ ಹೋಗಿ ನಿಂತರೆ, ಮದುವೆಯವರು ಬಂದಿದ್ದಾರೆ, ರೂಮ್ ಇಲ್ಲ ಅಂದರು. ಮೆಸೇಜ್ ತೋರಿಸಿದರೂ ಅಷ್ಟೇ. ಕೌಂಟರಿನಲ್ಲಿದ್ದವನು ತಲೆ ಎತ್ತಿ ನೋಡಲೂ ಇಲ್ಲ. ಆ ಮುಂಗಡ ಇವತ್ತಿಗೂ ವಾಪಸ್ ಬಂದಿಲ್ಲ. ಆ ಕಡೆ ಹೋಗುವವರು ದಯವಿಟ್ಟು ಹಿಂದಿನ ದಿನವೇ ಫೋನ್ ಮಾಡಿ, ಯಾರ ಹತ್ತಿರ ಮಾತಾಡಿದಿರಿ ಅಂತ ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ಕತ್ತಲಾಗುವ ಮೊದಲೇ ರೂಮ್ ಸೇರಿಕೊಳ್ಳಿ. ಮದುವೆ ಸೀಸನ್ನಿನಲ್ಲಿ ಬುಕಿಂಗ್ ಮೆಸೇಜನ್ನು ನಂಬಿ ಕೂರಬೇಡಿ.

ಹೆಂಡತಿ ರಸ್ತೆ ಬದಿಯಲ್ಲಿ ಬ್ಯಾಗಿನ ಮೇಲೆ ಕೂತಿದ್ದಳು. ಪೆರ್ಲದ ಹತ್ತಿರ ಇರುವ ಅಕ್ಕನಿಗೆ ಫೋನ್ ಮಾಡಿದೆ. "ಟ್ಯಾಕ್ಸಿ ಹಿಡಿದು ಸೀದಾ ಬಾ, ಅನ್ನ ಇಡ್ತೇನೆ" ಅಂದಳು. (ಹಗಲಾದರೆ ಟ್ಯಾಕ್ಸಿ ಬೇಕಾಗಿಲ್ಲ. ಕಾಸರಗೋಡಿನಿಂದ ಬದಿಯಡ್ಕದ ಮೇಲೆ ಪುತ್ತೂರಿಗೆ ಹೋಗುವ ಬಸ್ಸು ಪೆರ್ಲದಲ್ಲಿ ನಿಲ್ಲುತ್ತದೆ.)

ಮರುದಿನ ಸಂಜೆ ಅಕ್ಕನ ಮಗ, "ಮಾವ, ಗುಡ್ಡೆಗೆ ಬರ್ತೀರಾ?" ಅಂದ. ಅವನು ಫಿನ್ಲೆಂಡಿನಲ್ಲಿ ಓದಿ ಬಂದವನು. ಈಗ ಮನೆಯಿಂದಲೇ ಕಂಪ್ಯೂಟರ್ ಕೆಲಸ, ಜೊತೆಗೆ ಭಾವನಿಗೆ ಅಡಿಕೆ ತೋಟದಲ್ಲಿ ಕೈ. ಹೆಗಲಿಗೆ ಒಂದು ಚೀಲ ಏರಿಸಿಕೊಂಡ. ಒಳಗೆ ಬಣ್ಣಬಣ್ಣದ ಪ್ಲಾಸ್ಟಿಕ್ ತಟ್ಟೆಗಳು.

ತೋಟ ದಾಟಿ, ಸುರಂಗದ ಬಾಯಿಯ ಪಕ್ಕದಲ್ಲೇ ಹತ್ತಬೇಕು. ಮುರಕಲ್ಲಿನ ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದು ನೀರು ತರುವ ಸುರಂಗಗಳು ಈ ಕಡೆ ಬೇಕಾದಷ್ಟಿವೆ. ಅಕ್ಕನ ಮನೆಯ ಕುಡಿಯುವ ನೀರೂ ಅದರದ್ದೇ. ಮೇಲೆ ಹೋದರೆ ಒಮ್ಮೆಲೆ ಬಯಲು. ಕಪ್ಪಗಿನ ಕಲ್ಲುಹಾಸು, ಅದರ ಸಂದುಗಳಲ್ಲಿ ಮೊಣಕಾಲೆತ್ತರದ ಮುಳಿಹುಲ್ಲು. ದೀಪಾವಳಿ ಕಳೆದಿತ್ತು, ಹುಲ್ಲು ಆಗಷ್ಟೇ ಹಳದಿಗೆ ತಿರುಗುತ್ತಿತ್ತು. ಒಂದು ಬದಿಯಲ್ಲಿ ನೀರು ತುಂಬಿದ ಹಳೇ ಕಲ್ಲಿನ ಕೋರೆ. ಇನ್ನೊಂದು ಬದಿಯಲ್ಲಿ ಮಕ್ಕಳ ಕ್ರಿಕೆಟ್. ನಡುವೆ ದನಗಳು. ಕಾಲುದಾರಿಯಲ್ಲಿ ಬೀಡಿ ಸೇದುತ್ತ ಒಬ್ಬರು ಪೇಟೆಗೆ ಇಳಿಯುತ್ತಿದ್ದರು. ಟಿಕೆಟ್ಟು ಕೊಟ್ಟು ಒಳಗೆ ಹೋಗಿ, ಹುಲ್ಲು ಮುಟ್ಟಬೇಡಿ ಅನ್ನುವ ಬೋರ್ಡ್ ನೋಡಿಕೊಂಡು ಬರುವ ಪಾರ್ಕುಗಳು ನನಗೆ ಎಂದೂ ಹಿಡಿಸಿಲ್ಲ. ಈ ಬಯಲು ಕಂಡ ಕೂಡಲೇ ಹಿಡಿಸಿತು.

ಅವನ ಸ್ನೇಹಿತರು ಆಗಲೇ ಬಂದು ಬುಟ್ಟಿಗಳನ್ನು ನಿಲ್ಲಿಸುತ್ತಿದ್ದರು. ಹತ್ತಿರ ಹೋಗಿ ನೋಡಿದೆ. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು, ತಲೆಯ ಮೇಲೆ ಹಳೇ ಸೈಕಲ್ಲಿನ ರಿಮ್ಮು. ರಿಮ್ಮಿನ ಸುತ್ತ ನಾಯಿ ಕಟ್ಟುವ ತೆಳು ಸರಪಳಿಗಳು ಇಳಿಬಿದ್ದು, ನಡುವಿನ ಕಂಬದ ಹತ್ತಿರ ಒಟ್ಟಾಗುತ್ತವೆ. ಅದರ ಕೆಳಗೆ ತಂತಿ ಬಲೆಯ ಬುಟ್ಟಿ. ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದಂತೆ. ತಟ್ಟೆ ಬಂದು ಸರಪಳಿಗೆ ಬಡಿದರೆ ವೇಗ ಸತ್ತು ಬುಟ್ಟಿಗೆ ಬೀಳುತ್ತದೆ. ಆಟ ಅಷ್ಟೇ: ದೂರದಿಂದ ಎಸೆಯಬೇಕು, ಬಿದ್ದಲ್ಲಿಂದ ಮತ್ತೆ ಎಸೆಯಬೇಕು, ಕಡಿಮೆ ಎಸೆತದಲ್ಲಿ ಬುಟ್ಟಿ ಸೇರಿಸಿದವನು ಗೆದ್ದ. ಗಾಲ್ಫ್ ಥರವೇ. ಕೋಲು, ಚೆಂಡು, ಕ್ಲಬ್ಬಿನ ಸದಸ್ಯತ್ವ ಯಾವುದೂ ಬೇಡ.

ತಟ್ಟೆಯನ್ನು ಕೈಗೆ ಕೊಟ್ಟ. ಮಕ್ಕಳು ಆಡುವ ಫ್ರಿಸ್ಬಿಗಿಂತ ಚಿಕ್ಕದು, ಗಟ್ಟಿ. ದೂರ ಹೋಗುವ ‘ಡ್ರೈವರ್’ಗಳ ಅಂಚು ಚೂಪು. ತೂಕ 170 ಗ್ರಾಂ ಹತ್ತಿರ. ಪಳಗಿದವರು ಎಸೆದರೆ 100 ಮೀಟರ್ ದಾಟುತ್ತದೆ. ತಲೆಗೆ ಬಡಿದರೆ ಸುಮ್ನೆ ಅಲ್ಲ. ಬುಟ್ಟಿಯ ಹತ್ತಿರ ಬಂದ ಮೇಲೆ ಎಸೆಯುವ ‘ಪಟ್ಟರ್’ ಬೇರೆ. ಅದರ ಅಂಚು ದಪ್ಪ, ನಿಧಾನಕ್ಕೆ ಹೋಗುತ್ತದೆ.

ಅಳಿಯ ಬಯಲಿನ ತುದಿಯಲ್ಲಿ ನಿಂತು, ಕೈ ಹಿಂದಕ್ಕೆ ಎಳೆದು, ಇನ್ನೇನು ಎಸೆಯಬೇಕು, ತಟಕ್ಕನೆ ನಿಲ್ಲಿಸಿದ. ದೂರದಲ್ಲಿ ಒಂದು ಹಸು, ಅದರ ಹಿಂದೆ ಕರು, ದಾರಿಗೆ ಅಡ್ಡವಾಗಿ ಮೇಯುತ್ತ ಬರುತ್ತಿದ್ದವು. ಅವನು ತಟ್ಟೆ ಇಳಿಸಿ ಸುಮ್ಮನೆ ನಿಂತ. ಕರು ನಡುವೆಯೇ ನಿಂತು ಬೆನ್ನು ನೆಕ್ಕಿಕೊಳ್ಳತೊಡಗಿತು. ಯಾರೂ ಹಚಾ ಅನ್ನಲಿಲ್ಲ, ಕಲ್ಲೆಸೆಯಲಿಲ್ಲ. ಅದು ದಾಟಿ ಹೋಗುವ ತನಕ ನಾಲ್ಕೂ ಜನ ನಿಂತೇ ಇದ್ದರು. ನನಗೆ ಆಶ್ಚರ್ಯವಾದದ್ದು ಇಲ್ಲಿ. ನಮ್ಮ ಊರಿನ ಮೈದಾನದಲ್ಲಿ ಆಡುವವರು ನಡೆಯುವವರಿಗೆ ಕಾದದ್ದನ್ನು ನಾನು ಕಂಡೇ ಇಲ್ಲ.

"ರೂಲೇ ಹಾಗೆ ಮಾವ. ಎದುರಿಗೆ ಯಾರಿಗಾದ್ರೂ ತಾಗುವ ಹಾಗಿದ್ರೆ ಎಸೆಯುವ ಹಾಗಿಲ್ಲ. ತಪ್ಪಿ ಆ ಕಡೆ ಹೋದ್ರೆ ‘ಫೋರ್’ ಅಂತ ಕೂಗಬೇಕು. ಇಲ್ಲಿ ನಾವು ‘ಓಯ್’ ಅಂತೇವೆ, ದನಕ್ಕೂ ಅರ್ಥ ಆಗ್ತದೆ." ಕೋರೆಯ ಹತ್ತಿರ ತಗ್ಗಿದೆ, ಎಸೆಯುವವನಿಗೆ ಆಚೆ ಏನಿದೆ ಅಂತ ಕಾಣುವುದಿಲ್ಲ. ಅಲ್ಲಿ ಒಬ್ಬ ಏರಿ ನಿಂತು ಕೈ ತೋರಿಸಿದ ಮೇಲೆಯೇ ಎಸೆತ. ಅವತ್ತು ಒಂದು ಹಸಿರು ತಟ್ಟೆ ಕೋರೆಯ ನೀರಿಗೆ ಬಿದ್ದು ಮುಳುಗಿತು. ಡಿಸ್ಕ್ ಗಾಲ್ಫಿನ ತಟ್ಟೆಗಳಲ್ಲಿ ಹೆಚ್ಚಿನವು ತೇಲುವುದಿಲ್ಲ. ಮುಳಿಹುಲ್ಲಿನಲ್ಲೂ ಹಸಿರು, ಹಳದಿ ಕಾಣುವುದಿಲ್ಲ. ತೆಗೆದುಕೊಳ್ಳುವುದಾದರೆ ಕಿತ್ತಳೆ ಅಥವಾ ಗುಲಾಬಿ ಬಣ್ಣದ್ದೇ ತೆಗೆದುಕೊಳ್ಳಿ.

ವಿಶ್ರಾಂತಿಗೆ ಕೂತಾಗ ಅಳಿಯ ಆಟದ ಕಥೆ ಹೇಳಿದ. ಶುರುವಾತಿನಲ್ಲಿ ಜನ ಮರಕ್ಕೆ, ದೀಪದ ಕಂಬಕ್ಕೆ, ಕಸದ ಡಬ್ಬಕ್ಕೆ ಗುರಿಯಿಟ್ಟು ಎಸೆಯುತ್ತಿದ್ದರು. 1975ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಎಡ್ ಹೆಡ್ರಿಕ್ ಅನ್ನುವವರು ಮೊದಲ ಕಾಯಂ ಕೋರ್ಸ್ ಮಾಡಿದರು. ಮರುವರ್ಷ ಆಟಗಾರರ ಸಂಘ ಕಟ್ಟಿದರು. ಸರಪಳಿ ಬುಟ್ಟಿಯ ಪೇಟೆಂಟೂ ಅವರದ್ದೇ. 2002ರಲ್ಲಿ ಅವರು ತೀರಿಕೊಂಡ ಮೇಲೆ, ಅವರ ಆಸೆಯಂತೆ, ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ಡಿಸ್ಕುಗಳನ್ನೇ ಮಾಡಿದರಂತೆ.

ಆಟ ಹುಟ್ಟಿದ್ದೇ ಎಲ್ಲರ ಪಾರ್ಕಿನಲ್ಲಿ. ಈಗಲೂ ಹೆಚ್ಚಿನ ಕೋರ್ಸುಗಳು ಪಾರ್ಕುಗಳಲ್ಲೇ ಇವೆ, ಬಹಳ ಕಡೆ ದುಡ್ಡೂ ಇಲ್ಲ. ಅದಕ್ಕೇ ಜಗಳವೂ ಹೌದು. ವಾಕಿಂಗ್ ಬರುವವರು, ನಾಯಿ ತರುವವರು, ಮಕ್ಕಳನ್ನು ಕರೆತರುವವರು, ಎಲ್ಲರಿಗೂ ಅದೇ ಜಾಗ ಬೇಕು. ಅಮೆರಿಕದಲ್ಲಿ ಈ ಆಟದವರೆಂದರೆ ಬಿಯರ್ ಕುಡಿದು, ಗಾಂಜಾ ಸೇದಿ, ಜೋರಾಗಿ ಹಾಡು ಹಾಕುವ ಪೋಲಿಗಳು ಅನ್ನುವ ಮಾತು ಇದೆ. ಹಾಗೆ ಮಾಡುವವರು ಕೆಲವರು, ಹೆಸರು ಕೆಡುವುದು ಎಲ್ಲರದ್ದು. ಮರಗಳಿಗೂ ಏಟು ಬೀಳುತ್ತದೆ. ತಟ್ಟೆ ಬಡಿದು ಬಡಿದು ತೊಗಟೆ ಏಳುತ್ತದೆ, ಕಾಲು ತುಳಿತಕ್ಕೆ ಹುಲ್ಲು ಹೋಗಿ ಮಣ್ಣು ಗಟ್ಟಿಯಾಗುತ್ತದೆ. ಟೆಕ್ಸಸ್‌ನ ಆಸ್ಟಿನ್ ನಗರದ ಪೀಸ್ ಪಾರ್ಕಿನಲ್ಲಿ ಬಹಳ ಹೆಸರಾಗಿದ್ದ ಕೋರ್ಸನ್ನು ಇದೇ ಕಾರಣಕ್ಕೆ 2011ರಲ್ಲಿ ಮುಚ್ಚಿದರು. ಜನ ಬಂದದ್ದು ಜಾಸ್ತಿಯಾಯಿತು, ಮಣ್ಣು ತಡೆಯಲಿಲ್ಲ.

ನಾವು ಮಾತಾಡುತ್ತಿರುವಾಗ ಒಬ್ಬ ಹೆಂಗಸು ಬಂದರು. ಅರವತ್ತು ದಾಟಿರಬೇಕು. ಹಸು ಅವರದ್ದೇ. ಸೊಂಟದಲ್ಲಿ ಕತ್ತಿ, ತಲೆಗೆ ಅಡಿಕೆ ಹಾಳೆಯ ಟೊಪ್ಪಿ, ಮುಟ್ಟಾಳೆ. ಹುಡುಗರು ಎದ್ದು ಜಾಗ ಕೊಟ್ಟರು. ಅವರು ಕೂರಲಿಲ್ಲ, ಬಗ್ಗಿ ಒಂದು ಹಿಡಿ ಹುಲ್ಲನ್ನು ಬುಡದಲ್ಲಿ ಹಿಡಿದು ಬೆರಳಲ್ಲಿ ಮುರಿದು ನೋಡಿದರು. ಇನ್ನೂ ಹಸಿ ಇತ್ತು.

"ಈ ಮಕ್ಕಳ ಆಟ ನಿಮಗೆ ತೊಂದರೆ ಅಲ್ವಾ?" ಅಂತ ಕೇಳಿದೆ.

"ಮೊದಲು ಹೆದರಿಕೆ ಆಗಿತ್ತು ಅಣ್ಣ. ಮುಚ್ಚಂಜೆ ಹೊತ್ತಿಗೆ ಗುಡ್ಡೆಯಲ್ಲಿ ಸರಪಳಿ ಶಬ್ದ. ನೋಡಿದ್ರೆ ನಾಲ್ಕು ಗಂಡುಮಕ್ಕಳು. ಈಗ ಪೇಪರಿನಲ್ಲಿ ದಿನಾ ಬರ್ತದಲ್ಲ, ಆ ಪುಡಿ ಈ ಪುಡಿ ಅಂತ. ಮತ್ತೆ ಎಂತ ತಿಳ್ಕೊಳ್ಳುದು?"

"ಆಮೇಲೆ?"

"ಇವನ ಅಮ್ಮನಿಗೆ ಹೋಗಿ ಹೇಳಿದೆ. ಮರುದಿನ ಇವನೇ ಮನೆಗೆ ಬಂದ. ಬುಟ್ಟಿ ಒಂದನ್ನು ಹೆಗಲ ಮೇಲೆ ಹೊತ್ತುಕೊಂಡೇ ಬಂದ. ಅಂಗಳದಲ್ಲಿ ಇಟ್ಟು ಆಡಿ ತೋರಿಸಿದ. ನನ್ನ ಪುಳ್ಳಿ (ಮೊಮ್ಮಗಳು) ಒಂದು ಬಾರಿ ಬಿಸಾಡಿ ಬುಟ್ಟಿಗೆ ಹಾಕಿದಳು. ಇಷ್ಟೆಯಾ ಅಂತ ಆಯ್ತು ನನಗೆ."

ಅವರು ಕ್ರಿಕೆಟ್ ಕಡೆ ಕೈ ತೋರಿಸಿದರು. "ಅವರು ಬಾಲು ಹೊಡೆದ ಮೇಲೆ ‘ಅಕ್ಕಾ, ಬಾಲ್’ ಅಂತ ಬೊಬ್ಬೆ ಹಾಕ್ತಾರೆ. ಇವರು ಹೊಡೆಯುವ ಮೊದಲೇ ನಿಲ್ತಾರೆ. ನಾನು ತಲೆಯಲ್ಲಿ ಹೊರೆ ಇಟ್ಟು ಬರುವಾಗ ಯಾರು ನಿಲ್ತಾರೆ, ಯಾರು ನಿಲ್ಲುದಿಲ್ಲ ಅಂತ ನನಗೆ ಗೊತ್ತಾಗ್ತದೆ."

ಇನ್ನೂ ಬಹಳ ಹೊತ್ತು ಮಾತಾಡಿದರು. ಮೊದಲು ಒಂದು ಬುಟ್ಟಿಯನ್ನು ಅವರ ಕಾಲುದಾರಿಯ ಹತ್ತಿರ ನಿಲ್ಲಿಸುತ್ತಿದ್ದರಂತೆ, ಹೇಳಿ ತೆಗೆಸಿದರು. ಓಣಂ ಹೊತ್ತಿಗೆ ಕಲ್ಲಿನ ಮೇಲೆ ಚಿಕ್ಕ ನೀಲಿ ಕಾಕ್ಕಪ್ಪೂ ಅರಳುತ್ತದೆ, ಹೂವಿನ ಕಳಕ್ಕೆ (ಹೂವಿನ ರಂಗೋಲಿಗೆ) ಕೊಯ್ಯಲು ಮಕ್ಕಳು ಬರುತ್ತಾರೆ. ಆಗ ಆ ಬದಿಯಲ್ಲಿ ಆಟ ಇಲ್ಲ. ಬೇಸಿಗೆಯಲ್ಲಿ ಟಿಟ್ಟಿಭ ಬರಿ ಕಲ್ಲಿನ ಮೇಲೆಯೇ ಮೊಟ್ಟೆ ಇಡುತ್ತದೆ. ಎಲ್ಲಿ ಇಟ್ಟಿದೆ ಅಂತ ಮೊದಲು ನೋಡುವವರು ಇವರೇ, ಹುಡುಗರಿಗೆ ಹೇಳುವವರೂ ಇವರೇ.

"ಗುಡ್ಡೆಗೆ ಹೊಸಬರು ಬಂದ್ರೆ ನಮಗೆ ಹೆದರಿಕೆಯೇ" ಅಂದರು ಕೊನೆಗೆ. ಆ ಮಾತಿಗೆ ನಾನು ಏನೂ ಹೇಳಲಿಲ್ಲ. ಈ ಎಣ್ಮಕಜೆ ಪಂಚಾಯತಿನ ಗೇರು ಗುಡ್ಡೆಗಳ ಮೇಲೆಯೇ ಇಪ್ಪತ್ತು ವರ್ಷಕ್ಕೂ ಮೀರಿ, 2000ದ ತನಕ, ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು. ಕೆಳಗಿದ್ದವರನ್ನು ಯಾರೂ ಕೇಳಿರಲಿಲ್ಲ. ಸುರಂಗದ ನೀರು ಕುಡಿದವರು, ಅವರ ಮಕ್ಕಳು ಈಗಲೂ ಅನುಭವಿಸುತ್ತಿದ್ದಾರೆ. ಅಲ್ಲಿಂದ ದೂರವಲ್ಲದ ಪೈವಳಿಕೆ, ಮೀಂಜ, ಚಿಪ್ಪಾರಿನಲ್ಲಿ 250 ಎಕರೆಯಷ್ಟು ಜಾಗದಲ್ಲಿ 50 ಮೆಗಾವ್ಯಾಟಿನ ಸೋಲಾರ್ ಯೋಜನೆ 2021ರಲ್ಲಿ ಉದ್ಘಾಟನೆಯಾಯಿತು. ಕರೆಂಟು ಬೇಕು, ಒಪ್ಪುತ್ತೇನೆ. ಆದರೆ ಕಾಗದದಲ್ಲಿ ಇಂಥ ಬಯಲನ್ನು ಪಾಳು ಜಾಗ ಅಂತ ಬರೆಯುವವರು ಒಂದು ಸಂಜೆ ಇಲ್ಲಿ ಬಂದು ನಿಲ್ಲಬೇಕು. ಹುಲ್ಲು, ದನ, ಹೂವು, ಹಕ್ಕಿ, ಕ್ರಿಕೆಟ್, ಪೇಟೆಯ ದಾರಿ, ಕೆಳಗಿನ ಸುರಂಗಕ್ಕೆ ಇಳಿಯುವ ಮಳೆನೀರು. ಒಂದು ಚದರಡಿಯೂ ಅಲ್ಲಿ ಬಿಟ್ಟಿ ಬಿದ್ದಿಲ್ಲ.

ಅವರು ದನ ಹೊಡೆದುಕೊಂಡು ಹೋದ ಮೇಲೆ ಹುಡುಗರ ನಡುವೆಯೇ ಚರ್ಚೆ ಆಯಿತು. ಒಬ್ಬನಿಗೆ ಕಾಂಕ್ರೀಟು ಹಾಕಿ ಬುಟ್ಟಿಗಳನ್ನು ಕಾಯಂ ನಿಲ್ಲಿಸುವ ಆಸೆ. ಟೂರ್ನಮೆಂಟ್ ಮಾಡಬಹುದು, ಮಂಗಳೂರಿನಿಂದ ಜನ ಬರ್ತಾರೆ, ಬೋರ್ಡ್ ಹಾಕಿದರೆ ನಮ್ಮನ್ನು ಯಾರೂ ಸಂಶಯ ಪಡುವುದಿಲ್ಲ ಅಂದ. ಅವನ ಮಾತಿನಲ್ಲೂ ಹುರುಳಿತ್ತು. ದಿನಾ ಸಂಜೆ ಒಳ್ಳೆಯವರು ಬಂದು ಆಡುವ ಜಾಗಕ್ಕೆ ಕುಡುಕರು ಬರುವುದು ತಾನಾಗಿ ಕಡಿಮೆಯಾಗುತ್ತದೆ. ಮೊದಲು ಇಲ್ಲಿ ಬಾಟಲಿ ಚೂರು ಬಿದ್ದಿರುತ್ತಿತ್ತು, ಇವರೇ ಹೆಕ್ಕಿ ತೆಗೆದದ್ದು.

ಅಳಿಯ ಒಪ್ಪಲಿಲ್ಲ. "ಇದು ಸರಕಾರಿ ಜಾಗ. ಗ್ರಾಮಸಭೆಯಲ್ಲಿ ಕೇಳದೆ ಒಂದು ಗುಂಡಿಯೂ ತೆಗೆಯುವ ಹಾಗಿಲ್ಲ. ಕೇಳಿ, ಅವರು ಹೂಂ ಅಂದ್ರೂ ನನಗೆ ಬೇಡ. ಬುಟ್ಟಿ ಹೊತ್ತುಕೊಂಡು ಹೋಗುವ ತನಕ ನಾವು ಜಾಗ ಬದಲಿಸಬಹುದು. ಕಾಂಕ್ರೀಟು ಹಾಕಿದ ಮೇಲೆ ಹುಲ್ಲಿನ ಅಕ್ಕನೇ ದಾರಿ ಬದಲಿಸಬೇಕಾಗ್ತದೆ."

ನಾನು ಪೂರ್ತಿ ಅಳಿಯನ ಕಡೆ. ಪೀಸ್ ಪಾರ್ಕಿನಲ್ಲಿ ಆದದ್ದು ಕಣ್ಣೆದುರಿಗೇ ಇದೆ. ಜನ ಒಂದೇ ಜಾಗದಲ್ಲಿ ನಿಂತು ಎಸೆಯುತ್ತ, ಒಂದೇ ದಾರಿಯಲ್ಲಿ ತುಳಿಯುತ್ತ ಹೋದರೆ ಅಂಥ ಮಣ್ಣೇ ತಡೆಯಲಿಲ್ಲ. ಇಲ್ಲಿ ಕಲ್ಲಿನ ಮೇಲೆ ಮಣ್ಣೇ ಬೆರಳ ದಪ್ಪ. ಟೂರ್ನಮೆಂಟಿಗೆ ಹೆಸರು ಬರಬಹುದು. ಗುಡ್ಡೆಯ ಜನರ ಹತ್ತಿರ ಈ ಹುಡುಗರು ಗಳಿಸಿರುವ ಹೆಸರು ನನಗೆ ಅದಕ್ಕಿಂತ ದೊಡ್ಡದು.

ಬುಟ್ಟಿಗಳನ್ನು ಮಡಚಿ ಹೆಗಲಿಗೇರಿಸಿ ಇಳಿದೆವು. ಅಕ್ಕ ಬಾಳೆಎಲೆಯಲ್ಲಿ ಬೇಯಿಸಿದ ಕೊಟ್ಟಿಗೆ, ಕಾಯಿಚಟ್ನಿ ಮಾಡಿಟ್ಟಿದ್ದಳು. ಪೇಟೆಯ ಯಾವ ಹೋಟೆಲಿನಲ್ಲೂ ಅಂಥ ಕೊಟ್ಟಿಗೆ ಸಿಗುವುದಿಲ್ಲ.

ಗುಡ್ಡೆಯ ಹೆಸರು ನಾನು ಬರೆಯುತ್ತಿಲ್ಲ. ಮರುದಿನ ಪುತ್ತೂರು ಬಸ್ಸಿಗೆ ಕಾಯುತ್ತಿದ್ದಾಗ ಆ ಹುಲ್ಲಿನ ಅಕ್ಕ ಪೇಟೆಯಲ್ಲಿ ಸಿಕ್ಕರು. ನಾನು ಇದನ್ನೆಲ್ಲ ಬರೆಯುತ್ತೇನೆ ಅಂತ ಅಳಿಯ ಹೇಳಿದ್ದನಂತೆ. "ಬರೆಯಿರಿ, ಆದ್ರೆ ಹುಲ್ಲು ಕೊಯ್ದು ಮುಗಿಯುವ ತನಕ ಯಾರೂ ಬರುದು ಬೇಡ ಅಂತಲೂ ಬರೆಯಿರಿ. ತುಳಿದು ಮಲಗಿದ ಮುಳಿ ಕೊಯ್ಯಲಿಕ್ಕೆ ಆಗುದಿಲ್ಲ" ಅಂದರು. ಅವರ ಮಾತಿನಂತೆ ಬರೆದಿದ್ದೇನೆ. ಅಳಿಯ ಮತ್ತು ಸ್ನೇಹಿತರು ಕೂಡ ಇನ್ನು ಕೊಯ್ಲು ಮುಗಿಯುವ ತನಕ ಬರಿ ಕಲ್ಲಿರುವ ಬದಿಯಲ್ಲಿ, ಪಟ್ಟರ್ ಮಾತ್ರ ಹಿಡಿದು ಆಡುತ್ತಾರೆ.